ಭಾವನ ದೀರ್ಘ ರಜೆ

ನಮ್ಮ ಭಾವ ತೀರಿಕೊಂಡು ಎರಡು ವರ್ಷವಾಗಿದ್ದರೂ ಆಸ್ಪತ್ರೆಯ ಲೆಕ್ಕದಲ್ಲಿ ಅವರು ರಜೆಯ ಮೇಲಿದ್ದರು. ರಜೆಯಲ್ಲಿದ್ದುಕೊಂಡೇ ದಿನವೂ ಕೆಲಸ ಮಾಡುತ್ತಿದ್ದರು. ಹೊಸದಾಗಿ ಸೇರಿದ ನರ್ಸಿಗೆ ಲಾಗಿನ್ ಕೊಡುವವರು ಅವರು, ಬಿಟ್ಟುಹೋದ ಗುಮಾಸ್ತನ ಕಾರ್ಡು ರದ್ದು ಮಾಡುವವರು ಅವರು, ಪಾಸ್‌ವರ್ಡ್ ಬದಲಿಸದವರನ್ನು ಗದರಿಸುವವರೂ ಅವರೇ. ಬದುಕಿದ್ದಾಗ ಅವರಿಗೆ ಬಿಡುವಿರಲಿಲ್ಲ, ಸತ್ತ ಮೇಲೂ ಈ ಸಂಸ್ಥೆ ಬಿಡಲಿಲ್ಲ. ಅದನ್ನು ಸರಿಪಡಿಸಬೇಕಾದವಳು ನಾನು. ನನಗೋ ಸಾಕುಸಾಕಾಗಿತ್ತು.

ಈ ದೊಡ್ಡ ಆಸ್ಪತ್ರೆಯ ಡೈರೆಕ್ಟರಿ ನೋಡಿಕೊಳ್ಳುವುದು ನನ್ನ ಕೆಲಸ. ಡೈರೆಕ್ಟರಿ ಎಂದರೆ ಫೋನ್ ನಂಬರಿನ ಪುಸ್ತಕವಲ್ಲ. ಇಲ್ಲಿ ದುಡಿಯುವ ಪ್ರತಿಯೊಬ್ಬರ ಹೆಸರೂ ಕಂಪ್ಯೂಟರಿನಲ್ಲಿ ವಂಶವೃಕ್ಷದ ಹಾಗೆ ಕೊಂಬೆಕೊಂಬೆಯಾಗಿ ಕೂತಿರುತ್ತದೆ. ವಾರ್ಡಿನದೊಂದು ಕೊಂಬೆ, ಲ್ಯಾಬಿನದೊಂದು, ಅಡುಗೆಮನೆಯದೊಂದು. ಯಾರಿಗೆ ಯಾವ ಬಾಗಿಲು ತೆರೆಯಬೇಕು, ಯಾವ ರೋಗಿಯ ವಿವರ ಕಾಣಬೇಕು ಎಂಬುದೆಲ್ಲ ಅವರು ಕೂತ ಕೊಂಬೆಯಿಂದ ತೀರ್ಮಾನವಾಗುತ್ತದೆ. ನನ್ನ ಕೋಣೆ ನೆಲಮಾಳಿಗೆಯಲ್ಲಿ, ಲಾಂಡ್ರಿಯ ಪಕ್ಕ. ಗೋಡೆಯಾಚೆ ಬಟ್ಟೆ ಒಣಗಿಸುವ ಮೆಷಿನ್ನುಗಳು ಬೆಳಗಿನಿಂದ ಸಂಜೆಯವರೆಗೆ ಗುಂಯ್‌ಗುಡುತ್ತವೆ. ಮೇಲಿನವರು ನನ್ನನ್ನು ನೆನಪಿಸಿಕೊಳ್ಳುವುದು ಅವರ ಲಾಗಿನ್ ಕೈಕೊಟ್ಟಾಗ ಮಾತ್ರ. ಅದೂ ಒಮ್ಮೆಯೂ ನಮಸ್ಕಾರದಿಂದ ಶುರುವಾಗುವುದಿಲ್ಲ.

ಈ ಕೆಲಸ ನನಗೆ ಕಲಿಸಿದವರು ಭಾವ, ನನ್ನ ಅಕ್ಕನ ಗಂಡ. ಇದೇ ಕೋಣೆಯಲ್ಲಿ, ಎದುರಿನ ಮೇಜಿನಲ್ಲಿ ಕೂರುತ್ತಿದ್ದರು. ಅಕ್ಕ ಮೇಲಿನ ನೋಂದಣಿ ಕೌಂಟರಿನಲ್ಲಿದ್ದಾಳೆ. ಅಷ್ಟೊಂದು ಜನರ ಲಾಗಿನ್ನನ್ನು ಕೈಯಿಂದ ಮಾಡುತ್ತ ಕೂತರೆ ಮುಗಿಯುವುದಲ್ಲ ಎಂದು ಭಾವ ವರ್ಕ್‌ಫ್ಲೋಗಳನ್ನು ಕಟ್ಟಿದರು. ಅಂದರೆ ಒಂದಾದ ಮೇಲೊಂದು ತಾನಾಗಿ ನಡೆಯುವ ಕೆಲಸಗಳ ಸಾಲು. ಸಿಬ್ಬಂದಿ ವಿಭಾಗದವರು ‘ಹೊಸಬರು’ ಎಂದು ಗುರುತು ಹಾಕಿದರೆ ಸಾಕು, ಖಾತೆ ಹುಟ್ಟುತ್ತದೆ, ಸರಿಯಾದ ಕೊಂಬೆಗೆ ಸೇರುತ್ತದೆ, ಕಾರ್ಡಿಗೆ ಬಾಗಿಲು ತೆರೆಯುತ್ತದೆ, ಸ್ವಾಗತದ ಮೇಲ್ ಹೋಗುತ್ತದೆ.

ಆದರೆ ಇದನ್ನೆಲ್ಲ ಯಾರ ಅಧಿಕಾರದಲ್ಲಿ ಮಾಡುತ್ತಿದ್ದೀಯ ಎಂದು ಸಾಫ್ಟ್‌ವೇರ್ ಕೇಳಿಯೇ ಕೇಳುತ್ತದೆ. ವರ್ಕ್‌ಫ್ಲೋಗೆಂದೇ ಮನುಷ್ಯನಲ್ಲದ ಒಂದು ಖಾತೆ ತೆರೆದು, ಅದಕ್ಕೆ ಬೇಕಾದಷ್ಟೇ ಅಧಿಕಾರ ವಹಿಸಿಕೊಡುವುದು ಕ್ರಮ. ಭಾವ ಪರೀಕ್ಷೆಗೆಂದು ತಮ್ಮ ಸ್ವಂತ ಖಾತೆಯನ್ನೇ ಹಾಕಿದರು. ‘ಆಮೇಲೆ ಬದಲಾಯಿಸೋಣ’ ಅಂದರು. ನಮ್ಮ ಕಸುಬಿನವರ ಹಣೆಬರಹವೇ ಇಷ್ಟು. ಪರೀಕ್ಷೆಗೆ ಹಾಕಿದ್ದು ನಡೆಯಿತೆಂದರೆ ಮುಗಿಯಿತು, ಅದನ್ನು ಮತ್ತೆ ಮುಟ್ಟುವ ಧೈರ್ಯ ಯಾರಿಗೂ ಇರುವುದಿಲ್ಲ.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದವರು ಹಾಗೇ ಒರಗಿಬಿಟ್ಟರು. ವಾರದ ನಂತರ ಸಿಬ್ಬಂದಿ ವಿಭಾಗದವರು ಅವರ ಹೆಸರಿನ ಮುಂದೆ ‘ನಿಧನ’ ಎಂದು ಗುರುತು ಹಾಕಿದರು. ಬಿಟ್ಟುಹೋಗುವವರ ಖಾತೆ ಮುಚ್ಚುವ ವರ್ಕ್‌ಫ್ಲೋ ಎದ್ದು ಹೊರಟಿತು. ಮೊದಲ ಹೆಜ್ಜೆಯಲ್ಲೇ ಭಾವನ ಖಾತೆ ಮುಚ್ಚಿತು. ಅದು ನಡೆಯುತ್ತಿದ್ದದ್ದೇ ಭಾವನ ಅಧಿಕಾರದಲ್ಲಿ! ಕೂತ ಕೊಂಬೆಯನ್ನೇ ಕಡಿದುಕೊಂಡ ಹಾಗಾಗಿ, ಎರಡನೆಯ ಹೆಜ್ಜೆಯಿಡಲು ಅದಕ್ಕೆ ಬಲವೇ ಉಳಿಯಲಿಲ್ಲ. ಅದರ ಹಿಂದೆಯೇ ಉಳಿದ ವರ್ಕ್‌ಫ್ಲೋಗಳೆಲ್ಲ ಮಕಾಡೆ ಮಲಗಿದವು. ಹೊಸ ಡಾಕ್ಟರುಗಳು ಬಾಗಿಲ ಹೊರಗೆ ಕಾರ್ಡು ಉಜ್ಜುತ್ತ ನಿಂತರು.

ನಮ್ಮ ವಿಭಾಗದ ಮುಖ್ಯಸ್ಥರನ್ನು ನಾವು ಹಿಂದಿನಿಂದ ‘ತಾತ್ಕಾಲಿಕ ಸಾಹೇಬರು’ ಎನ್ನುತ್ತೇವೆ. ಆ ಶಬ್ದವಿಲ್ಲದೆ ಅವರಿಗೆ ಉಸಿರಾಡಲು ಬರುವುದಿಲ್ಲ. ಅವತ್ತು ಓಡಿಬಂದವರು ಬಾಗಿಲಲ್ಲೇ ನಿಂತು, “ಮೇಡಂ, ತಾತ್ಕಾಲಿಕವಾಗಿ ಅವರ ಖಾತೆ ತೆಗೀರಿ. ಸಿಬ್ಬಂದಿ ವಿಭಾಗಕ್ಕೆ ನಾನು ಹೇಳ್ತೀನಿ, ‘ದೀರ್ಘ ರಜೆ’ ಅಂತ ಹಾಕಲಿ” ಅಂದರು. ಭಾವನನ್ನು ಕಳೆದುಕೊಂಡು ವಾರವಷ್ಟೇ ಆಗಿದ್ದಾಗ, ಅಳುವುದಕ್ಕೂ ಪುರುಸೊತ್ತಿಲ್ಲದೆ, ನಾನೇ ನನ್ನ ಕೈಯಾರೆ ಅವರ ಖಾತೆಯನ್ನು ತೆರೆದೆ. ಆ ತಾತ್ಕಾಲಿಕಕ್ಕೆ ಎರಡು ವರ್ಷ ತುಂಬಿತು.

ಅದರ ಬಿಸಿ ತಟ್ಟಿದ್ದು ಅಕ್ಕನಿಗೆ. ಅವಳು ಹುಟ್ಟಾ ಮರೆಗುಳಿ, ಪಾಸ್‌ವರ್ಡನ್ನು ಗಡುವಿನೊಳಗೆ ಬದಲಿಸಿದ್ದೇ ಇಲ್ಲ. ಹಾಗಾಗಿ ತಿಂಗಳಿಗೊಮ್ಮೆ ಗಂಡನ ಹೆಸರಿನಲ್ಲಿ ಅವಳಿಗೆ ಮೇಲ್ ಬರುತ್ತಿತ್ತು: ‘ಇದು ಕೊನೆಯ ಎಚ್ಚರಿಕೆ. ಕೂಡಲೇ ಪಾಸ್‌ವರ್ಡ್ ಬದಲಿಸದಿದ್ದರೆ ನಿಮ್ಮ ಖಾತೆಯನ್ನು ಮುಚ್ಚಲಾಗುವುದು.’

“ಬದುಕಿದ್ದಾಗ ಒಂದು ದಿನ ಜೋರಾಗಿ ಮಾತಾಡಿದೋರಲ್ಲ. ಈಗ ತಿಂಗಳು ತಿಂಗಳು ಗದರಿಸ್ತಾರೆ” ಎಂದು ಮೊದಮೊದಲು ನಕ್ಕಳು. ಕ್ರಮೇಣ ನಗುವುದನ್ನು ಬಿಟ್ಟಳು. ಅದನ್ನು ನಿಲ್ಲಿಸಿಕೊಡು ಎಂದು ಅವಳು ಕೇಳುವುದು, ಮಾಡ್ತೀನಿ ಎಂದು ನಾನು ಹೇಳುವುದು, ಎರಡೂ ಅಭ್ಯಾಸವಾಗಿಹೋಗಿದ್ದವು. ಭಾವನ ಖಾತೆಯಲ್ಲಿ ಎಷ್ಟು ಕೆಲಸ ಹೆಣೆದುಕೊಂಡಿತ್ತೆಂದು ನನಗೂ ಪೂರ್ತಿ ಗೊತ್ತಿರಲಿಲ್ಲ. ಹುತ್ತಕ್ಕೆ ಕೈ ಹಾಕಲು ಯಾರಿಗೆ ಬೇಕಾಗಿದೆ?

ಈ ಸಲ ಅವಳು ಕೇಳಿದ ಬಗೆಯೇ ಬೇರೆ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಕೆಳಗೆ ಬಂದವಳು ಡಬ್ಬಿ ತೆರೆಯಲೇ ಇಲ್ಲ.

“ಮಗು ಒಂದನೇ ತಾರೀಖು ಸೇರ್ತಾಳೆ ಕಣೇ” ಅಂದಳು. ಮಗು ಎಂದರೆ ಅವಳ ಮಗಳು. ಫಿಸಿಯೋಥೆರಪಿ ಓದಿ ಮುಗಿಸಿ ನಮ್ಮ ಆಸ್ಪತ್ರೆಗೇ ಆಯ್ಕೆಯಾಗಿದ್ದಳು. “ಸೇರಿದ ದಿನ ಅವಳಿಗೂ ಸ್ವಾಗತದ ಮೇಲ್ ಬರುತ್ತಲ್ಲ? ಯಾರ ಹೆಸರಲ್ಲಿ ಬರುತ್ತೆ?”

ಯಾರ ಹೆಸರಲ್ಲಿ ಎಂದು ಇಬ್ಬರಿಗೂ ಗೊತ್ತಿತ್ತು.

“ಅವರು ಹೋದ ಮೇಲೆ ಆರು ತಿಂಗಳು ಅವಳು ಬಾಯಿ ಬಿಟ್ಟಿರಲಿಲ್ಲ. ನೀನೇ ನೋಡಿದ್ದೀಯ. ಈಗ ಸುಧಾರಿಸ್ಕೊಂಡಿದ್ದಾಳೆ. ಮೊದಲನೇ ದಿನ ಅಪ್ಪನ ಹೆಸರು ನೋಡಿ ಅವಳು ಮತ್ತೆ ಕುಸಿದ್ರೆ ನನ್ನ ಕೈಲಿ ಆಗಲ್ಲ. ಅಷ್ಟರೊಳಗೆ ಅವರನ್ನ ಅಲ್ಲಿಂದ ತೆಗೆದುಬಿಡು. ಇದೊಂದು ಮಾಡಿಕೊಡು, ಇನ್ನೇನೂ ಕೇಳಲ್ಲ.”

ಇನ್ನೇನೂ ಕೇಳಲ್ಲ ಎಂಬುದು ಸುಳ್ಳು, ಅವಳು ಕೇಳುತ್ತಲೇ ಇರುತ್ತಾಳೆ. ಆದರೆ ಡಬ್ಬಿಯ ಮುಚ್ಚಳ ಇನ್ನೂ ಮುಚ್ಚಿಯೇ ಇತ್ತು. ನಾನು ಒಪ್ಪಿಕೊಂಡೆ.

ಸಾಹೇಬರಿಗೆ ಹೇಳಿದಾಗ ಅವರು ತಕ್ಷಣ ದಾರಿ ತೋರಿಸಿದರು. “ಅಷ್ಟೇ ತಾನೆ? ಒಂದು ಹೊಸ ಖಾತೆ ಮಾಡಿ, ಮರದ ಮೇಲಿನ ತುದೀಲಿ ಎಲ್ಲಾ ಅಧಿಕಾರ ಕೊಟ್ಟುಬಿಡಿ. ಒಂದು ಟಿಕ್ಕು. ಕಾಫಿ ಆರೋದ್ರೊಳಗೆ ಮುಗಿಯುತ್ತೆ.”

“ಸರ್, ತುದೀಲಿ ಕೊಟ್ರೆ ಅದು ಕೆಳಗಿನ ಎಲ್ಲಾ ಕೊಂಬೆಗೂ ಇಳಿಯುತ್ತೆ. ಪಾಸ್‌ವರ್ಡ್ ಜ್ಞಾಪಿಸೋ ವರ್ಕ್‌ಫ್ಲೋಗೆ ಡಾಕ್ಟರ ಖಾತೆ ಅಳಿಸೋ ಅಧಿಕಾರ ಯಾಕೆ? ಒಂದು ಕೋಣೆ ಗುಡಿಸೋಕೆ ಬಂದೋರಿಗೆ ಮನೆ ಕೀಲಿಗೊಂಚಲೆಲ್ಲ ಕೊಡ್ತೀರಾ?”

“ತಾತ್ಕಾಲಿಕವಾಗಿ...”

“ನಿಮ್ಮ ತಾತ್ಕಾಲಿಕದಿಂದಲೇ ನಮ್ಮ ಭಾವ ಎರಡು ವರ್ಷದಿಂದ ಗಾಣ ಸುತ್ತುತ್ತಿರೋದು” ಅಂದೆ. ಅಷ್ಟು ಜೋರಾಗಿ ಅನ್ನಬೇಕೆಂದಿರಲಿಲ್ಲ. ಗೋಡೆಯಾಚೆಯ ಮೆಷಿನ್ನು ಅದೇ ಹೊತ್ತಿಗೆ ನಿಂತಿದ್ದರಿಂದ ಲಾಂಡ್ರಿಯವರಿಗೂ ಕೇಳಿಸಿತು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕೆಟ್ಟವರಲ್ಲ. ಯಾವುದನ್ನೂ ಮುಗಿಸುವ ಚೈತನ್ಯವಿಲ್ಲದವರು, ನನ್ನ ಹಾಗೆಯೇ. “ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ ಮೇಡಂ” ಎಂದು ಹೊರಟುಹೋದರು.

ಹಾಗೆ ಶುರುವಾಯಿತು. ದಿನದ ಫೋನುಗಳ ನಡುವೆ, ಒಂದೊಂದೇ ವರ್ಕ್‌ಫ್ಲೋವನ್ನು ಬಿಚ್ಚಿ, ಅದು ಏನೇನು ಮುಟ್ಟುತ್ತದೆ ಎಂದು ನೋಡಿ, ಅದಕ್ಕೊಂದು ಬೇರೆ ಖಾತೆ ಮಾಡಿ, ಆ ಕೊಂಬೆಯಲ್ಲಿ ಆ ಕೆಲಸಕ್ಕಷ್ಟೇ ಅಧಿಕಾರ ವಹಿಸಿಕೊಡುವುದು. ಹೊಸಬರ ವರ್ಕ್‌ಫ್ಲೋಗೆ ಖಾತೆ ಹುಟ್ಟಿಸುವ ಅಧಿಕಾರ ಉಂಟು, ಅಳಿಸುವುದು ಇಲ್ಲ. ಜ್ಞಾಪಿಸುವುದಕ್ಕೆ ಪಾಸ್‌ವರ್ಡಿನ ತಾರೀಖು ಓದುವ ಅಧಿಕಾರ ಉಂಟು, ಪಾಸ್‌ವರ್ಡ್ ಮುಟ್ಟುವುದು ಇಲ್ಲ. ಹೇಳುವುದಕ್ಕೆ ಸುಲಭ. ಯಾವುದಕ್ಕೆ ಏನು ಬೇಕೆಂದು ಭಾವ ಎಲ್ಲೂ ಬರೆದಿಟ್ಟಿರಲಿಲ್ಲ, ಎಲ್ಲ ಅವರ ತಲೆಯಲ್ಲಿತ್ತು. ಹಾಗಾಗಿ ಕೊಟ್ಟು ನೋಡಬೇಕು, ಯಾರು ಕಿರುಚುತ್ತಾರೆಂದು ಕಾಯಬೇಕು.

ಕಿರುಚಿದವರು ಮಕ್ಕಳ ವಾರ್ಡಿನ ಒಬ್ಬ ಸಿಸ್ಟರ್. ಅವರಿಗೆ ಶಸ್ತ್ರಚಿಕಿತ್ಸೆಯ ವಾರ್ಡಿಗೆ ವರ್ಗವಾಗಿತ್ತು. ವರ್ಗಾವಣೆಯ ಖಾತೆಗೆ ನಾನು ಹಳೆಯ ವಾರ್ಡಿನ ಗುಂಪಿನಿಂದ ಹೆಸರು ತೆಗೆಯುವ ಅಧಿಕಾರ ಕೊಟ್ಟಿದ್ದೆ, ಹೊಸ ಗುಂಪಿಗೆ ಸೇರಿಸುವುದನ್ನು ಮರೆತಿದ್ದೆ. “ರೀ, ಆ ಬಾಗಿಲೂ ತೆಗೀತಿಲ್ಲ, ಈ ಬಾಗಿಲೂ ತೆಗೀತಿಲ್ಲ. ಕಾರಿಡಾರಲ್ಲಿ ನಿಂತಿದ್ದೀನಿ. ನನಗೆ ಕೆಲಸ ಇದೆಯೋ ಇಲ್ವೋ, ಅಷ್ಟು ಹೇಳಿ ಸಾಕು” ಅಂದರು. ತಪ್ಪಾಯಿತು ಎಂದೆ. ಅವರು ಬೈದಿದ್ದರೆ ಚೆನ್ನಾಗಿತ್ತು. “ಇರ್ಲಿ ಬಿಡಿ, ಈ ನೆಪದಲ್ಲಿ ಸ್ವಲ್ಪ ಕೂತ್ಕೋತೀನಿ” ಎಂದು ಅಲ್ಲೇ ಬೆಂಚಿನ ಮೇಲೆ ಕೂತರು. ಈ ಕಟ್ಟಡದಲ್ಲಿ ದಣಿಯದವರು ಯಾರೂ ಇಲ್ಲ.

ಬಿಚ್ಚುತ್ತ ಹೋದಂತೆ ಭಾವನ ಮೇಲೆ ಸಿಟ್ಟೂ ಬಂತು. ಎಷ್ಟೆಲ್ಲ ಹೊತ್ತುಕೊಂಡಿದ್ದರು! ಯಾರಿಗಾದರೂ, ನನಗಾದರೂ, ಸ್ವಲ್ಪ ಹಂಚಬಾರದಿತ್ತೆ? ಮನೆಗೆ ಬಂದರೆ ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದರು ಎಂದು ಅಕ್ಕ ಹೇಳುತ್ತಿದ್ದಳು. ಎದುರಿನ ಮೇಜಿನಲ್ಲಿ ಕೂತು ನಾನೂ ನೋಡುತ್ತಿದ್ದೆ. ನಾನು ಮಾಡ್ತೀನಿ ಕೊಡಿ ಭಾವ ಅಂದರೆ, ‘ನಿನಗೆ ಹೇಳಿಕೊಡೋ ಹೊತ್ತಿಗೆ ನಾನೇ ಮಾಡಿ ಮುಗಿಸ್ತೀನಿ’ ಅನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಆ ಒಳ್ಳೆಯತನವೇ ಅವರನ್ನು ತಿಂದುಹಾಕಿತು ಎಂದು ನನಗೆ ಅನ್ನಿಸುತ್ತದೆ.

ತಿಂಗಳ ಕೊನೆಯ ದಿನದ ಮಧ್ಯಾಹ್ನಕ್ಕೆ ಭಾವನ ಖಾತೆಯಲ್ಲಿ ಯಾವ ವರ್ಕ್‌ಫ್ಲೋವೂ ಉಳಿದಿರಲಿಲ್ಲ. ಸಿಬ್ಬಂದಿ ವಿಭಾಗದವರಿಗೆ ಫೋನು ಮಾಡಿದೆ. ಅವರು ‘ದೀರ್ಘ ರಜೆ’ ಅಳಿಸಿ ಮತ್ತೆ ‘ನಿಧನ’ ಹಾಕಿದರು. ಈ ಸಲ ವರ್ಕ್‌ಫ್ಲೋ ಎಲ್ಲೂ ಎಡವಲಿಲ್ಲ. ಖಾತೆ ಮುಚ್ಚಿತು. ಗುಂಪುಗಳಿಂದ ಹೆಸರು ಬಿಟ್ಟುಹೋಯಿತು. ಕಾರ್ಡು ರದ್ದಾಯಿತು. ಕೊನೆಗೆ ವರ್ಕ್‌ಫ್ಲೋ ಆ ಖಾತೆಯನ್ನು ಕೊಂಬೆಯಿಂದ ತೆಗೆದು ಡೈರೆಕ್ಟರಿಯ ಕಸದಬುಟ್ಟಿಗೆ ಹಾಕಿತು. ಹೊರೆ ಇಳಿದಂತಾಗುತ್ತದೆ ಅಂದುಕೊಂಡಿದ್ದೆ. ಆದದ್ದು ಸೊಂಟನೋವು ಮಾತ್ರ. ಅಕ್ಕನಿಗೆ ‘ಆಯ್ತು’ ಎಂದು ಮೆಸೇಜು ಹಾಕಿದೆ. ‘ನಿನ್ನ ಋಣ ಹೇಗೆ ತೀರಿಸಲಿ’ ಎಂದು ಉತ್ತರ ಬಂತು. ಒಂದು ವಾರ ರಜೆ ಹಾಕಿ ಹಗಲು ರಾತ್ರಿ ಮಲಗಬೇಕು ಎಂಬುದೊಂದೇ ಆಗ ನನ್ನ ತಲೆಯಲ್ಲಿತ್ತು.

ಮರುದಿನ ಮಗು ಸೇರಿದಳು. ಸ್ವಾಗತದ ಮೇಲ್ ಹೋಯಿತು, ಯಾರ ಹೆಸರೂ ಇಲ್ಲದೆ. ಕಾರ್ಡು ತೆರೆಯಬೇಕಾದ ಬಾಗಿಲನ್ನೆಲ್ಲ ತೆರೆಯಿತು. ಅಕ್ಕ ಕೌಂಟರಿನಿಂದ ಎದ್ದುಹೋಗಿ ಅವಳನ್ನು ಎರಡು ಸಲ ನೋಡಿಬಂದಳಂತೆ. ಖುಷಿಯಾಗಿದ್ದಾಳೆ ಎಂದು ನನಗೆ ಫೋನು ಬಂತು.

ಊಟದ ಹೊತ್ತಿಗೆ ಮಗು ಕೆಳಗೆ ಬಂದಳು. ಹೊಸ ಯೂನಿಫಾರ್ಮಿನ ಮಡಿಕೆಗಳು ಇನ್ನೂ ಹಾಗೇ ಇದ್ದವು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಎದುರಿನ ಖಾಲಿ ಮೇಜನ್ನು ನೋಡಿ ಕೇಳಿದಳು.

“ಅಪ್ಪ ಇಲ್ಲೇ ಕೂರ್ತಿದ್ರಾ?”

“ಹೂಂ.”

“ಚಿಕ್ಕಮ್ಮ, ಲಾಗಿನ್ ಸಿಕ್ಕಿದ ತಕ್ಷಣ ನಾನು ಮೊದಲು ಅಪ್ಪನ ಹೆಸರು ಹುಡುಕಿದೆ. ಈ ಹೆಸರಿನವರು ಯಾರೂ ಇಲ್ಲ ಅಂತು.”

ಆಸ್ಪತ್ರೆಯೊಳಗಿನವರು ಯಾರು ಬೇಕಾದರೂ ಡೈರೆಕ್ಟರಿಯಲ್ಲಿ ಹೆಸರು ಹುಡುಕಬಹುದು. ಹೊರಗಿನವರಿಗೆ ಅದು ಕಾಣುವುದಿಲ್ಲ. ಅಂದರೆ ಅವಳು ಒಳಗೆ ಬರುವವರೆಗೆ ಕಾದಿದ್ದಳು.

“ಅಮ್ಮನ ಮೊಬೈಲಲ್ಲಿ ಅಪ್ಪನ ಮೇಲ್ ಬರೋದು ನನಗೆ ಗೊತ್ತಿತ್ತು. ಇನ್ನೂ ಅಲ್ಲಿ ಹೆಸರಿದೆ ಅಂತ ಗೊತ್ತಿತ್ತು. ಹೋದ ವಾರ ಕೂಡ ಬಂದಿತ್ತು. ಯಾವಾಗ ತೆಗೆದೆ?”

“ನಿನ್ನೆ.”

“ನಿನ್ನೆ!” ಅಂದಳು. “ಅಮ್ಮ ಹೇಳಿದ್ಲಾ?”

“ನಿನಗೆ ಕಷ್ಟ ಆಗುತ್ತೆ ಅಂತ ಹೇಳಿದ್ಲು ಪುಟ್ಟ.”

“ನನ್ನ ಕೇಳಿದ್ರಾ ಯಾರಾದ್ರೂ? ಅವಳಿಗೆ ಬೇಡ ಅನ್ಸಿದ್ರೆ ಬೇಡ ಅನ್ನಲಿ. ನನ್ನ ಹೆಸರಲ್ಲಿ ಬೇಡ ಅನ್ನೋಕೆ ಅವಳಿಗೆ ಯಾರು ಅಧಿಕಾರ ಕೊಟ್ರು? ನೀನಾದ್ರೂ ಒಂದು ಮಾತು ಕೇಳ್ಬೇಕಿತ್ತು.”

ಒಂದು ತಿಂಗಳಿಂದ ನಾನು ಎಲ್ಲರಿಗೂ ಬೋಧಿಸುತ್ತಿದ್ದುದು ಇದನ್ನೇ. ಯಾರ ಪರವಾಗಿ, ಯಾರ ಒಪ್ಪಿಗೆಯಿಂದ, ಎಷ್ಟು ಮಟ್ಟಿಗೆ. ಮನೆಯ ವಿಷಯಕ್ಕೆ ಬಂದಾಗ ನಾನೂ ತುದಿಯಲ್ಲೊಂದು ಟಿಕ್ಕು ಹಾಕಿ ಎದ್ದುಬಂದಿದ್ದೆ.

ಅವಳು ಕಣ್ಣೊರೆಸಿಕೊಂಡು ಭಾವನ ಕುರ್ಚಿಯಲ್ಲೇ ಕೂತಳು. “ಮನೇಲಿದ್ದ ಅಪ್ಪ ನನಗೆ ಗೊತ್ತು ಚಿಕ್ಕಮ್ಮ. ಯಾವಾಗ್ಲೂ ನಿದ್ದೆಗಣ್ಣು. ನಾನು ಏನಾದ್ರೂ ಹೇಳೋಕೆ ಹೋದ್ರೆ ನಾಳೆ ಹೇಳು ಮಗು ಅನ್ನೋರು. ಎಚ್ಚರವಾಗಿದ್ದ ಅಪ್ಪ ಎಲ್ಲಾ ಇಲ್ಲೇ ಖರ್ಚಾಗಿಬಿಟ್ರು. ಇಲ್ಲಿ ಅವರು ಹೇಗಿದ್ರು ಅಂತ ನೋಡೋಣ ಅಂತಾನೇ ನಾನು ಬೇರೆ ಕಡೆ ಸಿಕ್ಕಿದ ಕೆಲಸ ಬಿಟ್ಟು ಇಲ್ಲಿಗೆ ಬಂದಿದ್ದು. ಹೆಸರಾದ್ರೂ ಇರುತ್ತೆ ಅಂದ್ಕೊಂಡಿದ್ದೆ.”

ಆಗ ನನಗೂ ಅಳು ಬಂತು. ಎರಡು ವರ್ಷದ ಹಿಂದೆ ಅಳದೆ ಉಳಿಸಿದ್ದೆಲ್ಲ ಅವತ್ತು ಬಂತು. ಇಬ್ಬರೂ ಸ್ವಲ್ಪ ಹೊತ್ತು ಮೂಗು ಸೀಟುತ್ತ ಕೂತೆವು. ಇತ್ತ ಅಕ್ಕ, ಅತ್ತ ಇವಳು, ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆ ನಾನು.

ಕಸದಬುಟ್ಟಿಗೆ ಬಿದ್ದ ಖಾತೆ ಕೆಲವು ದಿನ ಅಲ್ಲಿಯೇ ಇರುತ್ತದೆ. ಅದನ್ನು ಎತ್ತಿಕೊಳ್ಳುವ ಅಧಿಕಾರ ಇರುವುದು ನನಗೊಬ್ಬಳಿಗೆ. ಮೃತರ ಖಾತೆಯನ್ನು ಮರಳಿ ತರಬಾರದು ಎಂಬ ನಿಯಮವನ್ನು ಬರೆದವಳೂ ನಾನೇ. ಬಾಗಿಲು ಮುಂದೆ ಮಾಡಿ ಬಂದು ಕೂತೆ. ಭಾವನನ್ನು ಎತ್ತಿದೆ. ಲಾಗಿನ್ ಮುಚ್ಚಿದ್ದು ಮುಚ್ಚಿಯೇ ಇರಲಿ. ಯಾವ ಗುಂಪೂ ಬೇಡ, ಯಾವ ಬಾಗಿಲೂ ಬೇಡ, ಮೇಲ್ ಕಳಿಸುವುದೂ ಬೇಡ. ಮರದಲ್ಲಿ ಒಂದು ಪುಟ್ಟ ಕೊಂಬೆ ಹೊಸದಾಗಿ ಮಾಡಿ ಅವರನ್ನು ಅಲ್ಲಿ ಕೂರಿಸಿದೆ. ಅವರ ಹೆಸರಿಗೆ ಒಂದೇ ಒಂದು ಅಧಿಕಾರವೂ ಇಲ್ಲದ್ದು ಅದೇ ಮೊದಲು. ಆಮೇಲೆ ಆ ಕೊಂಬೆಯನ್ನು ಎಲ್ಲರಿಂದ ಮರೆಮಾಡಿ, ಒಬ್ಬಳಿಗೆ ಮಾತ್ರ, ಓದುವುದಕ್ಕೆ ಮಾತ್ರ, ಅನುಮತಿ ವಹಿಸಿಕೊಟ್ಟೆ.

“ಈಗ ಹುಡುಕು” ಅಂದೆ.

ಅವಳು ತನ್ನ ಲಾಗಿನ್ನಿನಿಂದ ಹುಡುಕಿದಳು. ಹೆಸರು ಬಂತು, ಹುದ್ದೆ ಬಂತು, ಈ ಕೋಣೆಯ ನಂಬರು ಬಂತು. ಪಕ್ಕದಲ್ಲಿ ಕಾರ್ಡಿಗೆಂದು ತೆಗೆದ ಫೋಟೋ. ಅದರಲ್ಲಿ ಭಾವ ಕ್ಯಾಮೆರಾದ ಹಿಂದೆ ನಿಂತವರು ಹೇಳಿದ ಯಾವುದೋ ಮಾತಿಗೆ ನಗುತ್ತಿದ್ದರು, ಕಣ್ಣು ಪೂರ್ತಿ ಬಿಟ್ಟು.

“ಈ ಫೋಟೋ ನಮ್ಮನೇಲಿಲ್ಲ” ಅಂದಳು. ಊಟದ ಹೊತ್ತು ಮುಗಿಯುವವರೆಗೆ ನೋಡುತ್ತ ಕೂತಳು. ಆಮೇಲೆ ಎದ್ದು ಯೂನಿಫಾರ್ಮು ಸರಿಮಾಡಿಕೊಂಡು ಮೊದಲ ರೋಗಿಯನ್ನು ನಡೆಸಲು ಹೋದಳು. ಸಂಜೆ ಅಕ್ಕ, “ಎಲ್ಲಾ ಮುಗೀತಲ್ಲ?” ಎಂದು ಕೇಳಿದಾಗ ಮುಗೀತು ಅಂದೆ.

ಮುಗಿಯಲಿಲ್ಲ. ಆ ತಿಂಗಳಲ್ಲಿ ನಾನು ಕಟ್ಟಿದ ವರ್ಕ್‌ಫ್ಲೋಗಳಲ್ಲಿ ಒಂದಕ್ಕೆ ಕಸ ಗುಡಿಸುವ ಕೆಲಸ. ವಾರಕ್ಕೊಮ್ಮೆ ಮರವನ್ನೆಲ್ಲ ಜಾಲಾಡಿ, ಮುಚ್ಚಿದ್ದರೂ ಅಳಿಸದೆ ಉಳಿದ ಖಾತೆ ಸಿಕ್ಕರೆ ಸೋಮವಾರ ಬೆಳಿಗ್ಗೆ ನನ್ನನ್ನು ಕೇಳುತ್ತದೆ: ‘ಅಳಿಸಬೇಕೆ? ಇರಬೇಕೆ?’ ಮಧ್ಯಾಹ್ನದೊಳಗೆ ಉತ್ತರ ಬಾರದಿದ್ದರೆ ಅಳಿಸಿಬಿಡುತ್ತದೆ, ಮತ್ತೆ ಎತ್ತಲು ಬರದ ಹಾಗೆ. ಅಷ್ಟು ಶಿಸ್ತಾಗಿ ಕಟ್ಟಿದ್ದೇನೆ. ಶಾಶ್ವತವಾಗಿ ಬಿಟ್ಟುಬಿಡು ಎನ್ನಬೇಕಾದರೆ ಸಾಹೇಬರ ಒಪ್ಪಿಗೆ ಬೇಕು, ಅವರಿಗೆ ವಿಷಯ ಹೇಳಬೇಕು. ಹೇಳಿದರೆ ಅಕ್ಕನಿಗೂ ತಿಳಿಯುತ್ತದೆ. ಹಾಗಾಗಿ ಸೋಮವಾರ ಬಂತೆಂದರೆ ಮೊದಲು ಆ ಪ್ರಶ್ನೆ ತೆರೆದು, ‘ಇರಲಿ’ ಒತ್ತಿ, ಆಮೇಲೆ ಕಾಫಿಗೆ ಹೋಗುತ್ತೇನೆ.

ನನ್ನ ರಜೆಯ ಅರ್ಜಿ ನೋಡಿ ಸಾಹೇಬರಿಗೆ ಆಶ್ಚರ್ಯವಾಯಿತು. “ಇದೇನು ಮೇಡಂ, ಎಲ್ಲರೂ ಸೋಮವಾರದಿಂದ ವಾರ ಪೂರ್ತಿ ಹಾಕ್ತಾರೆ. ನೀವು ಮಂಗಳವಾರದಿಂದ ಹಾಕಿದ್ದೀರಿ?”

“ಸೋಮವಾರ ನನಗೆ ಕೆಲಸ ಇರುತ್ತೆ ಸರ್” ಅಂದೆ.